ಸಮೀಕ್ಷೆಯಲ್ಲಿ ಶೇ. 86 ಜನ ಕೊಳ್ಳುತ್ತೇವೆ ಎಂದರು, ಬೆಳಗಾವಿಯಲ್ಲಿ ಮಾರಾಟವಾದದ್ದು 41 ಕುರ್ತಾ: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಗುಳೇದಗುಡ್ಡದ ಖಣ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಜ್ಜನ ಕಾಲದಿಂದಲೂ ನಮ್ಮ ಮನೆಯದು ಖಣದ, ಅಂದರೆ ಕುಪ್ಪಸದ ಬಟ್ಟೆಯ, ವ್ಯಾಪಾರ. ನೇಕಾರರಿಗೆ ನೂಲು ಕೊಟ್ಟು, ಅವರು ನೇಯ್ದುಕೊಟ್ಟ ಖಣವನ್ನು ಮಹಾರಾಷ್ಟ್ರದ ಸಗಟು ಅಂಗಡಿಗಳಿಗೆ ಕಳುಹಿಸುತ್ತ ಬಂದಿದ್ದೇವೆ. ಕುಪ್ಪಸಕ್ಕೆಂದು ಖಣ ಒಯ್ಯುವವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ಕಣ್ಣಾರೆ ಕಂಡು, ಅದೇ ಬಟ್ಟೆಯಲ್ಲಿ ಹೆಣ್ಣುಮಕ್ಕಳ ಕುರ್ತಾ ಹೊಲಿಸಿ ಬೆಳಗಾವಿಯಲ್ಲಿ ಒಂದು ಅಂಗಡಿ ಹಾಕಬೇಕೆಂದು ಯೋಚಿಸಿದೆವು. ಸಾಲಕ್ಕೆ ಅರ್ಜಿ ಹಾಕುವ ಮೊದಲು ಜನರ ಮನಸ್ಸು ತಿಳಿಯಲೆಂದು ಒಂದು ಸಮೀಕ್ಷೆ ನಡೆಸಿದೆವು. ಅದರ ಫಲಿತಾಂಶಕ್ಕೂ ಆಮೇಲೆ ನಡೆದದ್ದಕ್ಕೂ ತಾಳೆಯಾಗುತ್ತಿಲ್ಲವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಒಟ್ಟು 312 ಜನ ಉತ್ತರಿಸಿದರು. ಅವರಲ್ಲಿ 198 ಜನ ಗೂಗಲ್ ಫಾರ್ಮ್ ತುಂಬಿದವರು; ಅದನ್ನು ನಮ್ಮ ಬಂಧುಗಳು, ಪರಿಚಯದವರು ಇರುವ 6 ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದೆವು, ಎಲ್ಲ ಸೇರಿ ಸದಸ್ಯರು ಸುಮಾರು 1,250. ಉಳಿದ 114 ಜನ ಬಾಗಲಕೋಟೆಯ ನವನಗರದಲ್ಲಿ ಮೂರು ದಿನ ನಡೆದ ಒಂದು ಪ್ರದರ್ಶನದಲ್ಲಿ ನಮ್ಮ ಮಳಿಗೆಗೆ ಬಂದವರು; ಅವರ ಉತ್ತರಗಳನ್ನು ನನ್ನ ತಂಗಿಯ ಇಬ್ಬರು ಮಕ್ಕಳು ಕಾಗದದ ಮೇಲೆ ಬರೆದುಕೊಂಡರು.

ಮುಖ್ಯ ಪ್ರಶ್ನೆ ಹೀಗಿತ್ತು: "ನಮ್ಮ ನಾಡಿನ ಹೆಮ್ಮೆಯಾದ ಖಣದ ಬಟ್ಟೆಯಿಂದ ಹೊಲಿದ ಕುರ್ತಾವನ್ನು ಯೋಗ್ಯ ಬೆಲೆಗೆ ಕೊಟ್ಟರೆ ಕೊಳ್ಳಲು ಇಷ್ಟಪಡುವಿರಾ?" ಖಂಡಿತ ಎಂದವರು 121, ಬಹುಶಃ ಎಂದವರು 147, ಇಲ್ಲ ಎಂದವರು 44. ಮೊದಲ ಎರಡನ್ನು ಕೂಡಿಸಿ ಶೇ. 86 ಎಂದು ಹಿಡಿದೆವು. ಬೆಳಗಾವಿಯಲ್ಲಿ ಇರುವವರನ್ನಷ್ಟೇ ನೋಡಿದರೆ 23 ಜನರಲ್ಲಿ 21 ಜನ, ಅಂದರೆ ಶೇ. 91. ಕಳೆದ ಒಂದು ವರ್ಷದಲ್ಲಿ ಖಣ ಕೊಂಡಿದ್ದೇವೆ ಎಂದವರು 193, ಅಂದರೆ ಶೇ. 62. ಒಂದು ಕುರ್ತಾಕ್ಕೆ ಹೆಚ್ಚೆಂದರೆ ಎಷ್ಟು ಕೊಡುವಿರಿ ಎಂಬುದಕ್ಕೆ ಬಂದ ಸರಾಸರಿ 812 ರೂಪಾಯಿ. ಮೊದಲ 150 ಜನರಿಗೆ ಚಿತ್ರವಿಲ್ಲದ ಫಾರ್ಮ್, ನಂತರದ 162 ಜನರಿಗೆ ಕುರ್ತಾದ ಚಿತ್ರವಿರುವ ಫಾರ್ಮ್ ಕೊಟ್ಟಿದ್ದೆವು, ಮೊದಲನೆಯದರಲ್ಲಿ ಶೇ. 83, ಎರಡನೆಯದರಲ್ಲಿ ಶೇ. 89 ಜನ ಒಪ್ಪಿದ್ದರಿಂದ ಒಳ್ಳೆಯ ಛಾಯಾಗ್ರಾಹಕರಿಂದ ಕ್ಯಾಟಲಾಗ್ ಮಾಡಿಸಲು ಮುಂಗಡವನ್ನೂ ಕೊಡುವವರಿದ್ದೆವು. ಲೆಕ್ಕ ಬಲ್ಲ ಸ್ನೇಹಿತರೊಬ್ಬರು ಮಾರ್ಜಿನ್ ಆಫ್ ಎರರ್, ಅಂದರೆ ಫಲಿತಾಂಶ ಆಚೀಚೆ ಆಗಬಹುದಾದ ಅಳತೆ, ಕೇವಲ ಶೇ. 4, ಧೈರ್ಯವಾಗಿ ಮುಂದುವರಿಯಿರಿ ಎಂದರು.

300 ಕುರ್ತಾ ಹೊಲಿಸಿ, 950 ರೂಪಾಯಿ ಬೆಲೆಯಿಟ್ಟು, ಬೆಳಗಾವಿಯಲ್ಲಿ ಒಂಬತ್ತು ದಿನ ಒಂದು ಬಾಡಿಗೆ ಮಳಿಗೆಯಲ್ಲಿ ಮಾರಿ ನೋಡಿದೆವು. ಹೋದದ್ದು 41. ಹೊಲಿಗೆಯ ಹಣ ಇನ್ನೂ ಬಾಕಿ ಇದೆ, ಮನೆಯಲ್ಲಿ ಗಂಟುಗಳು ಹಾಗೆಯೇ ಬಿದ್ದಿವೆ. ಜನ ಸುಳ್ಳು ಹೇಳಿದರೇ? ಅಥವಾ 312 ಜನ ಸಾಲದೆ, ಈ ಸಲ 2,000 ಜನರನ್ನು ಕೇಳಬೇಕೆ? ತಿಳಿದವರು ದಯಮಾಡಿ ಹೇಳಿ.

ಉತ್ತರ: ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕ, ಬೆಳಗಾವಿ

ತಾವು ಅಂಕಿಅಂಶಗಳನ್ನೆಲ್ಲ ಮುಚ್ಚಿಡದೆ ಕೊಟ್ಟದ್ದಕ್ಕೆ ಮೊದಲು ಧನ್ಯವಾದ ಹೇಳಬೇಕು. ಸಾಮಾನ್ಯವಾಗಿ ಇಂತಹ ಪ್ರಶ್ನೆ ಕೇಳುವವರು ಶೇಕಡಾವಾರನ್ನು ಮಾತ್ರ ಹೇಳಿ, ಎಷ್ಟು ಜನರಲ್ಲಿ ಎಂಬುದನ್ನು ಬಿಟ್ಟುಬಿಡುತ್ತಾರೆ.

2,000 ಜನರನ್ನು ಕೇಳುವ ಯೋಚನೆಯನ್ನು ದಯವಿಟ್ಟು ಬಿಡಿ. ಇದೇ ರೀತಿಯಲ್ಲಿ ಕೇಳಿದರೆ 2,000 ಅಲ್ಲ, 20 ಲಕ್ಷ ಜನರೂ ಸಾಲುವುದಿಲ್ಲ, ಮತ್ತು ಇದು ಬಾಯಿಮಾತಿಗೆ ಹೇಳಿದ್ದಲ್ಲ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಯ ಮುನ್ನ ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಸುಮಾರು 1 ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಚೀಟಿಗಳು ತುಂಬಿ ಮರಳಿದವು. ಅವುಗಳನ್ನು ಎಣಿಸಿ ಆಲ್ಫ್ ಲ್ಯಾಂಡನ್ ಅವರಿಗೆ ಶೇ. 57 ಮತ ಬರುತ್ತದೆ ಎಂದು ಅದು ಪ್ರಕಟಿಸಿತು. ನಡೆದದ್ದು ತಿರುಗುಮುರುಗು: ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಶೇ. 60ಕ್ಕೂ ಹೆಚ್ಚು ಮತ ಪಡೆದು, 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ (ಕೇಳಲು ಆರಿಸಿಕೊಂಡ ಜನರ ಗುಂಪು) ಇಟ್ಟುಕೊಂಡ ಜಾರ್ಜ್ ಗ್ಯಾಲಪ್ ಅವರು ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಪತ್ರಿಕೆ ಹೆಸರುಗಳನ್ನು ತೆಗೆದದ್ದು ಟೆಲಿಫೋನ್ ಪುಸ್ತಕ, ಕಾರುಗಳ ನೋಂದಣಿ ಮೊದಲಾದ ಪಟ್ಟಿಗಳಿಂದ. ಆ ಬರಗಾಲದಂತಹ ದಿನಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಅದಕ್ಕಿಂತಲೂ ಮುಖ್ಯವಾಗಿ, ಚೀಟಿ ಪಡೆದ ನಾಲ್ವರಲ್ಲಿ ಮೂವರು ಉತ್ತರಿಸಲೇ ಇಲ್ಲ, ಮತ್ತು ಉತ್ತರಿಸದವರ ಮನಸ್ಸು ಉತ್ತರಿಸಿದವರಂತೆ ಇರಲಿಲ್ಲ.

ಈಗ ತಮ್ಮ ಗೂಗಲ್ ಫಾರ್ಮ್ ನೋಡಿ. 1,250 ಸದಸ್ಯರಲ್ಲಿ 198 ಜನ ಉತ್ತರಿಸಿದರು, 1,052 ಜನ ಸುಮ್ಮನಿದ್ದರು. ಉತ್ತರಿಸಿದವರಲ್ಲಿ ಒಪ್ಪಿದವರು ಎಷ್ಟು ಎಂದು ತಾವು ಹೇಳಿಲ್ಲ. ಒಂದು 160 ಎಂದು ಹಿಡಿಯೋಣ. ಸುಮ್ಮನಿದ್ದವರೆಲ್ಲರೂ ಬೇಡ ಎನ್ನುವವರಾಗಿದ್ದರೆ ಗುಂಪಿನಲ್ಲಿ ಒಪ್ಪುವವರು ಶೇ. 13, ಎಲ್ಲರೂ ಬೇಕು ಎನ್ನುವವರಾಗಿದ್ದರೆ ಶೇ. 97. ತಮಗೆ ನಿಜವಾಗಿ ಗೊತ್ತಿರುವುದು ಉತ್ತರ ಈ ಎರಡರ ನಡುವೆ ಎಲ್ಲೋ ಇದೆ ಎಂಬುದಷ್ಟೇ. ಶೇ. 4 ಎಂಬ ಮಾರ್ಜಿನ್ ಆಫ್ ಎರರ್ ಈ ಕಂದಕವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ತಮ್ಮ ಸ್ನೇಹಿತರ ಗುಣಾಕಾರದಲ್ಲಿ ತಪ್ಪಿಲ್ಲ, ತಪ್ಪಿರುವುದು ಆ ಸೂತ್ರವನ್ನು ಇಲ್ಲಿ ಬಳಸಿದ್ದರಲ್ಲಿ. ನಾವು ತಿಳಿಯಬಯಸುವ ಎಲ್ಲ ಜನರ ಹೆಸರುಗಳನ್ನು ಒಂದು ಗಡಿಗೆಯಲ್ಲಿ ಹಾಕಿ, ಚೆನ್ನಾಗಿ ಕಲಸಿ, ಕಣ್ಣುಮುಚ್ಚಿ ಚೀಟಿ ಎತ್ತಿದಾಗ ಮಾತ್ರ ಆ ಸೂತ್ರಕ್ಕೆ ಅರ್ಥವಿದೆ. ಹಾಗೆ ಎತ್ತಿದ್ದಾದರೆ 100 ಜನರಿಗೆ ತಪ್ಪಿನ ಅಳತೆ ಹೆಚ್ಚೆಂದರೆ ಸುಮಾರು ಶೇ. 10, 400 ಜನರಿಗೆ ಶೇ. 5, 1,600 ಜನರಿಗೆ ಶೇ. 2.5, ಅಂದರೆ ತಪ್ಪನ್ನು ಅರ್ಧಕ್ಕೆ ಇಳಿಸಲು ಜನರನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಆದರೆ ಇದು ಚೀಟಿ ಎತ್ತುವಾಗ ಅದೃಷ್ಟದಿಂದ ಆಗುವ ಏರುಪೇರಿನ ಅಳತೆ ಮಾತ್ರ. ಗಡಿಗೆಯಲ್ಲಿ ಹೆಸರೇ ಇಲ್ಲದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನುತ್ತೇವಲ್ಲ, ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ಬಗೆಯದಾಗಿ ಒಂದೇ ಉರಿಯಲ್ಲಿ ಬೆಂದಿದ್ದರೆ ಮಾತ್ರ ಅದು ನಡೆಯುತ್ತದೆ. ತಮಗೆ ಬೇಕಾದದ್ದು ಬೆಳಗಾವಿಯಲ್ಲಿ ಕುರ್ತಾ ಕೊಳ್ಳುವ ಹೆಂಗಸರ ಮನಸ್ಸು. ತಾವು ಹಿಚುಕಿ ನೋಡಿದ್ದು ಗುಳೇದಗುಡ್ಡದ ಬಂಧುಗಳನ್ನು ಮತ್ತು ಖಣವನ್ನು ನೋಡಲೆಂದೇ ಮಳಿಗೆಯ ಮೆಟ್ಟಿಲು ಹತ್ತಿದವರನ್ನು. ಬೆಳಗಾವಿಯವರು ಇದ್ದದ್ದು 23. ಅದರಲ್ಲಿ ಇಬ್ಬರು ಮನಸ್ಸು ಬದಲಿಸಿದರೆ ಶೇ. 91 ಇದ್ದದ್ದು ಶೇ. 83 ಆಗುತ್ತದೆ.

ಒಂದು ಸಣ್ಣ ಕೆಲಸ ಈಗಲೂ ಮಾಡಬಹುದು. ಸುಮ್ಮನಿದ್ದ 1,052 ಸಂಖ್ಯೆಗಳಿಂದ 30ನ್ನು ಚೀಟಿ ಎತ್ತಿ ಆರಿಸಿ, ಅವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ. ಒಮ್ಮೆ ಎತ್ತದಿದ್ದರೆ ಮತ್ತೆ ಮಾಡಿ, ಅವರ ಬದಲು ಬೇರೆಯವರನ್ನು ಹಾಕಿಕೊಳ್ಳಬೇಡಿ. ಆ 30 ಜನರ ಉತ್ತರ ಆ 198 ಜನರ ಉತ್ತರಕ್ಕಿಂತ ಎಷ್ಟು ದೂರವಿದೆ ಎಂಬುದನ್ನು ನೋಡಿದರೆ, ಮೊದಲ ಸಮೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಯುತ್ತದೆ.

ಹಾಗೆಯೇ ಆ 41 ಎಂಬ ಸಂಖ್ಯೆಯನ್ನೂ ವೇದವಾಕ್ಯವೆಂದು ಹಿಡಿಯಬೇಡಿ. ಒಂಬತ್ತು ದಿನ, ಒಂದೇ ಜಾಗ, ಒಂದೇ ಬೆಲೆ. ಎಷ್ಟು ಜನ ಒಳಗೆ ಬಂದರು, ಎಷ್ಟು ಜನ ಕೈಯಲ್ಲಿ ಹಿಡಿದು ನೋಡಿ ಬೆಲೆ ಕೇಳಿ ಇಟ್ಟುಹೋದರು ಎಂಬ ಎಣಿಕೆ ಇದೆಯೇ? 60 ಜನ ಬಂದು 41 ಜನ ಕೊಂಡಿದ್ದರೆ ಅದು ದೊಡ್ಡ ಗೆಲುವು, 3,000 ಜನ ಬಂದು 41 ಹೋಗಿದ್ದರೆ ಮಾತು ಬೇರೆ. ಭಾಜಕ ತಿಳಿಯದ ಸಂಖ್ಯೆಯಿಂದ ತೀರ್ಮಾನ ತೆಗೆಯುವುದು ಶೇ. 86ನ್ನು ನಂಬಿದಂತಹುದೇ ಇನ್ನೊಂದು ತಪ್ಪು.

ಉತ್ತರ: ಮನೆಮನೆ ಸಮೀಕ್ಷೆಯ ಕೆಲಸ ಮಾಡುವವಳು, ವಿಜಯಪುರ

ಅಣ್ಣಾವರೇ, ಜನ ಸುಳ್ಳು ಹೇಳಿದರೇ ಎಂದು ಕೇಳಿದ್ದೀರಿ. ಆ ಮಾತು ನನಗೆ ನೋವು ತಂದಿತು, ಏಕೆಂದರೆ ಹದಿನೈದು ವರ್ಷದಿಂದ ಈ ಕೆಲಸದಲ್ಲಿ ನಾನು ಕಂಡವರಲ್ಲಿ ಬೇಕೆಂದು ಸುಳ್ಳು ಹೇಳಿದವರು ಬಹಳ ಕಡಿಮೆ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ "ಇಲ್ಲ" ಎಂದು ಮುಖದ ಮೇಲೆ ಹೇಳುವ ರೂಢಿಯಿಲ್ಲ. "ನೋಡೂಣ್ರಿ" ಎನ್ನುತ್ತಾರೆ, "ಹೂಂ, ಬರ್ಕೋರಿ" ಎನ್ನುತ್ತಾರೆ. ಅದು ಮರ್ಯಾದೆಯ ಮಾತು, ವ್ಯಾಪಾರದ ಮಾತಲ್ಲ. ನೀವು "ಬಹುಶಃ" ಎಂಬ 147 ಜನರನ್ನು ಕೊಳ್ಳುವವರ ಲೆಕ್ಕಕ್ಕೆ ಸೇರಿಸಿದ್ದೀರಿ. ನಾನಾಗಿದ್ದರೆ ಅವರಲ್ಲಿ ಬಹುಪಾಲನ್ನು ಮೃದುವಾಗಿ ಇಲ್ಲ ಎಂದವರೆಂದೇ ಓದುತ್ತಿದ್ದೆ. ಉಳಿಯುವುದು 121, ಅಂದರೆ ಶೇ. 39.

ಇನ್ನು ಪ್ರಶ್ನೆ. "ನಮ್ಮ ನಾಡಿನ ಹೆಮ್ಮೆಯಾದ" ಎಂದು ಶುರು ಮಾಡಿದ ಮೇಲೆ, ಖಣದ ಮಳಿಗೆಯಲ್ಲಿ ನಿಂತು, ನೇಕಾರರ ಊರಿನ ಹುಡುಗ ಪೆನ್ನು ಹಿಡಿದು ಕಾಯುತ್ತಿರುವಾಗ, ಯಾವ ತಾಯಿ ಇಲ್ಲ ಎಂದಾಳು? "ಯೋಗ್ಯ ಬೆಲೆ" ಎಂದರೆ ನಿಮ್ಮ ಮನಸ್ಸಿನಲ್ಲಿ 950, ಅವಳ ಮನಸ್ಸಿನಲ್ಲಿ 400. ಇಬ್ಬರೂ ಒಂದೇ ಮಾತಿಗೆ ಹೌದು ಎಂದಂತೆ ಕಾಗದದಲ್ಲಿ ಕಾಣುತ್ತದೆ, ನಿಜದಲ್ಲಿ ಬೇರೆ ಬೇರೆ ಮಾತಿಗೆ ಹೌದು ಎಂದಿದ್ದಾರೆ.

ಕೆಲವು ವರ್ಷಗಳ ಹಿಂದೆ ಸಿಂದಗಿ ಕಡೆಯ ಒಂದು ಹಳ್ಳಿಗೆ ಚಹಾಪುಡಿಯ ಸಮೀಕ್ಷೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನರು "ತಿಂಗಳಿಗೆ ಒಂದ್ ಕಿಲೋ ಹತ್ತತೈತ್ರಿ, ಬರ್ಕೋರಿ" ಎಂದು ಹೇಳಿ, ಒಂದು ದೊಡ್ಡ ಕಂಪನಿಯ ಹೆಸರನ್ನೂ ಬರೆಸಿದರು. ಕುಡಿಯಲು ನೀರು ಬೇಕೆಂದು ನಾನು ಒಳಗೆ ಹೋದೆ. ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆ. ಅದಕ್ಕೆ ಹತ್ತು ರೂಪಾಯಿಯ ಚಹಾಪುಡಿಯ ಖಾಲಿ ಪಾಕೀಟುಗಳನ್ನು ಒಂದರ ಮೇಲೊಂದು ಚುಚ್ಚಿ ಇಟ್ಟಿದ್ದರು. ಕಿರಾಣಿ ಅಂಗಡಿಯ ಉದ್ರಿ ಲೆಕ್ಕಕ್ಕೆ ತಾಳೆ ನೋಡಲೆಂದು ಇಡುತ್ತೇನೆ ಎಂದು ಸೊಸೆ ಹೇಳಿದಳು. ಎಣಿಸಿದರೆ 19 ಇದ್ದವು, ಅವು ಬೇರೆಯೇ ಕಂಪನಿಯವು. ಯಜಮಾನರು ಸುಳ್ಳುಗಾರರಲ್ಲ. ಚಹಾಪುಡಿ ತರುವವರು ಅವರಲ್ಲ, ಅಷ್ಟೇ. ಆ ದಿನದಿಂದ ನಾನು ಮೊದಲು ಕೇಳುವ ಪ್ರಶ್ನೆ "ಇದನ್ನು ಮನೆಗೆ ತರುವವರು ಯಾರು" ಎಂಬುದು. ನಿಮ್ಮ 312 ಜನರಲ್ಲಿ ಗಂಡಸರೆಷ್ಟು ಎಂದು ನೀವು ಬರೆದಿಲ್ಲ; ಬಂಧುಗಳ ವಾಟ್ಸಾಪ್ ಗುಂಪೆಂದರೆ ಅರ್ಧಕ್ಕರ್ಧ ಗಂಡಸರೇ ಇದ್ದಾರು.

ಶೇ. 62 ಜನ ಕಳೆದ ವರ್ಷ ಖಣ ಕೊಂಡಿದ್ದಾರೆ ಎಂಬುದನ್ನು ಓದಿ ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಮಗಳಿಗೆ, ನಾದಿನಿಗೆ, ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆಯ ಜೊತೆ ಖಣ ಇಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ದೇವಿಗೆ ಉಡಿ ತುಂಬುವುದಕ್ಕೂ ಅದೇ ಬೇಕು. ನನ್ನ ಟ್ರಂಕಿನಲ್ಲಿಯೇ ಉಡಿಯಲ್ಲಿ ಬಂದ ಒಂಬತ್ತು ಖಣಗಳಿವೆ, ಮಡಿಕೆ ಬಿಚ್ಚಿಲ್ಲ. ಅವು ಒಂದು ಉಡಿಯಿಂದ ಇನ್ನೊಂದು ಉಡಿಗೆ ಹೋಗುತ್ತವೆ. ಕೊಡುವುದಕ್ಕೆ ಕೊಂಡವರನ್ನು ನೀವು ಉಡುವುದಕ್ಕೆ ಕೊಂಡವರೆಂದು ಎಣಿಸಿದ್ದೀರಿ. ಕುರ್ತಾವನ್ನು ಉಡಿಯಲ್ಲಿ ಇಡುವುದಿಲ್ಲವಲ್ಲ.

ಇನ್ನೆರಡು ಮಾತು. ಪ್ರದರ್ಶನದಲ್ಲಿ ಬರೆದುಕೊಂಡ ಇಬ್ಬರು ಹುಡುಗರ ಕಾಗದಗಳನ್ನು ಬೇರೆ ಬೇರೆ ಮಾಡಿ ಎಣಿಸಿ ನೋಡಿ. ಕೋಲ್ಕತ್ತಾದಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಇದೇ ಉಪಾಯವನ್ನು ರೂಢಿಸಿದ್ದರು: ಮಾದರಿಯನ್ನು ಒಂದಕ್ಕೊಂದು ಸಮನಾದ ಎರಡು ಭಾಗ ಮಾಡಿ, ಎರಡು ತಂಡಗಳಿಗೆ ಸ್ವತಂತ್ರವಾಗಿ ಒಪ್ಪಿಸುವುದು. ಎರಡರ ಉತ್ತರದಲ್ಲಿ ಹೆಚ್ಚು ಅಂತರ ಬಂದರೆ ಅದು ಹೊಲದ ಅಂತರವಲ್ಲ, ಬರೆದುಕೊಂಡವರ ಅಂತರ ಎಂದು ತಿಳಿಯುತ್ತದೆ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಈ ಪದ್ಧತಿ ಬಂತು. ಎರಡನೆಯದು, ಬೆಳಗಾವಿಯಲ್ಲಿ ಕೇಳುವುದಾದರೆ ಪ್ರಶ್ನೆಗಳು ಕನ್ನಡ, ಮರಾಠಿ ಎರಡರಲ್ಲಿಯೂ ಇರಲಿ. ಶಹಾಪುರ, ವಡಗಾವಿಯ ಓಣಿಗಳಲ್ಲಿ ಒಂದೇ ಭಾಷೆಯ ಕಾಗದ ಹಿಡಿದು ಹೋದರೆ ಅರ್ಧ ಬಾಗಿಲುಗಳು ನಿಮಗೆ ತೆರೆಯುವುದಿಲ್ಲ, ಮತ್ತು ಖಣವನ್ನು ಮೊದಲಿನಿಂದಲೂ ಉಟ್ಟು ಬಲ್ಲ ಮರಾಠಿ ಮನೆಗಳೇ ನಿಮಗೆ ತಪ್ಪಿಹೋಗುತ್ತವೆ.

ಪ್ರಶ್ನೆ ಕೇಳಿದವರ ಮರುಬರಹ

ಹಿರಿಯರಾದ ಗುರುಗಳಿಗೂ ಅಕ್ಕಾವರಿಗೂ ನಮಸ್ಕಾರ. ಎರಡು ರಾತ್ರಿ ಕುಳಿತು ಕಾಗದಗಳನ್ನೆಲ್ಲ ಮತ್ತೆ ಬಿಡಿಸಿ ನೋಡಿದೆ. ಜನ ಸುಳ್ಳು ಹೇಳಿದರೇ ಎಂದು ಬರೆದದ್ದಕ್ಕೆ ಕ್ಷಮೆ ಇರಲಿ.

ಹಿರಿಯ ಅಳಿಯ ಬರೆದುಕೊಂಡ 61 ಕಾಗದಗಳಲ್ಲಿ 60 ಒಪ್ಪಿಗೆ, ಕಿರಿಯವನ 53ರಲ್ಲಿ 48. ಹಿರಿಯವನನ್ನು ಕರೆದು ಹೇಗೆ ಕೇಳಿದೆ ಎಂದು ವಿಚಾರಿಸಿದಾಗ, ಪ್ರಶ್ನೆ ಉದ್ದವಾಗಿದ್ದರಿಂದ "ಕುರ್ತಾ ತಗೊಂತೀರಲ್ರಿ, ಹೌದು ಅಂತ ಬರೀಲಿ?" ಎಂದು ಕೇಳುತ್ತಿದ್ದೆ ಎಂದ. ಅವನಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಪ್ರದರ್ಶನದಲ್ಲಿ ಫೋನ್ ಸಂಖ್ಯೆ ಕೊಟ್ಟಿದ್ದವರಲ್ಲಿ, ಕಳೆದ ವರ್ಷ ಖಣ ಕೊಂಡಿದ್ದೇವೆ ಎಂದಿದ್ದ 20 ಜನರಿಗೆ ಕರೆ ಮಾಡಿ ಏಕೆ ಕೊಂಡಿರಿ ಎಂದು ಕೇಳಿದೆ. 14 ಜನ ಉಡಿಗೆ ಎಂದರು. ಇಷ್ಟು ವರ್ಷ ಖಣ ಮಾರಿದ ನನಗೇ ಇದು ಹೊಳೆಯಲಿಲ್ಲ. ಮಳಿಗೆಗೆ ಎಷ್ಟು ಜನ ಬಂದರು ಎಂಬ ಎಣಿಕೆ ಇಟ್ಟಿಲ್ಲ.

ಗುರುಗಳ ಊಹೆ ಸರಿಯಾಗಿದೆ, ಫಾರ್ಮ್ ತುಂಬಿದ 198 ಜನರಲ್ಲಿ ಒಪ್ಪಿದವರು 160. ಆದರೆ ಚಿತ್ರದ ವಿಷಯದಲ್ಲಿ ನನಗೆ ಇನ್ನೂ ನಂಬಿಕೆಯಿದೆ, ಏಕೆಂದರೆ ಅಲ್ಲಿ ಒಂದಕ್ಕೊಂದು ಹೋಲಿಸಿದ್ದೇವೆ. ವಿವರ ಹೀಗಿದೆ. ವಾಟ್ಸಾಪಿನಲ್ಲಿ ಚಿತ್ರವಿಲ್ಲದ ಫಾರ್ಮ್ 138, ಒಪ್ಪಿದವರು 112. ಚಿತ್ರವಿದ್ದದ್ದು 60, ಒಪ್ಪಿದವರು 48. ಪ್ರದರ್ಶನದಲ್ಲಿ ಚಿತ್ರವಿಲ್ಲದ್ದು 12, ಹನ್ನೆರಡೂ ಜನ ಒಪ್ಪಿದರು. ಚಿತ್ರವಿದ್ದದ್ದು 102, ಒಪ್ಪಿದವರು 96. ಬೆಲೆಯ ಸರಾಸರಿಯೂ ಹಲವರ ಉತ್ತರದಿಂದ ಬಂದದ್ದು. ಕ್ಯಾಟಲಾಗಿಗೆ ಮುಂಗಡ ಕೊಡಲೇ?

ಉತ್ತರ: ಲೆಕ್ಕಪತ್ರದ ಕೆಲಸದವನು, ಬಾಗಲಕೋಟೆ

ಮುಂಗಡ ಕೊಡಬೇಡಿ. ನೀವೇ ಕೊಟ್ಟ ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಎರಡು ಸಾಲಾಗಿ ಬರೆದುಕೊಳ್ಳಿ. ವಾಟ್ಸಾಪಿನವರಲ್ಲಿ ಚಿತ್ರವಿಲ್ಲದಾಗ 138ಕ್ಕೆ 112, ಅಂದರೆ ಶೇ. 81.2, ಚಿತ್ರವಿದ್ದಾಗ 60ಕ್ಕೆ 48, ಅಂದರೆ ಶೇ. 80. ಪ್ರದರ್ಶನದವರಲ್ಲಿ ಚಿತ್ರವಿಲ್ಲದಾಗ ಶೇ. 100, ಚಿತ್ರವಿದ್ದಾಗ ಶೇ. 94. ಎರಡೂ ಕಡೆ ಚಿತ್ರದಿಂದ ಒಪ್ಪಿಗೆ ಹೆಚ್ಚಿಲ್ಲ, ಒಂದಿಷ್ಟು ಇಳಿದೇ ಇದೆ. ಆದರೆ ಎರಡನ್ನೂ ಕೂಡಿಸಿದ ಕೂಡಲೇ ಶೇ. 83 ಮತ್ತು ಶೇ. 89 ಆಗಿ, ಚಿತ್ರವೇ ಗೆದ್ದಂತೆ ತೋರುತ್ತದೆ.

ಇದರಲ್ಲಿ ಕೂಡುವ ಕಳೆಯುವ ತಪ್ಪು ಎಲ್ಲಿಯೂ ಇಲ್ಲ. ಚಿತ್ರವಿಲ್ಲದ 150 ಫಾರ್ಮ್‌ಗಳಲ್ಲಿ 138 ವಾಟ್ಸಾಪಿಗೆ ಹೋದವು, ಅಲ್ಲಿಯ ಜನ ಮೊದಲೇ ಕಡಿಮೆ ಒಪ್ಪುವವರು. ಚಿತ್ರವಿರುವ 162ರಲ್ಲಿ 102 ಪ್ರದರ್ಶನಕ್ಕೆ ಹೋದವು, ಅಲ್ಲಿಯ ಜನ ಮೊದಲೇ ಹೆಚ್ಚು ಒಪ್ಪುವವರು. ನೀವು ಹೋಲಿಸಿದ್ದು ಚಿತ್ರವನ್ನಲ್ಲ, ಜಾಗವನ್ನು. 1973ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂತಹುದೇ ಗೊಂದಲವಾಗಿತ್ತು. ಸ್ನಾತಕೋತ್ತರ ಪ್ರವೇಶದ ಒಟ್ಟು ಲೆಕ್ಕದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ. 44, ಹೆಂಗಸರಲ್ಲಿ ಸುಮಾರು ಶೇ. 35 ಜನರಿಗೆ ಪ್ರವೇಶ ಸಿಕ್ಕಿದ್ದು ನೋಡಿ ಹೆಣ್ಣುಮಕ್ಕಳಿಗೆ ಅನ್ಯಾಯವಾಗಿದೆ ಎಂದುಕೊಂಡರು. ವಿಭಾಗವಾರು ಬಿಡಿಸಿ ನೋಡಿದಾಗ ಬಹುತೇಕ ವಿಭಾಗಗಳಲ್ಲಿ ಆ ಅಂತರ ಕಾಣಲಿಲ್ಲ. ಪ್ರವೇಶ ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚು ಅರ್ಜಿ ಹಾಕಿದ್ದರು. ಎರಡು ಗುಂಪುಗಳನ್ನು ಹೋಲಿಸುವ ಮೊದಲು, ಆ ಗುಂಪುಗಳಿಗೆ ಜನ ಹೇಗೆ ಬಂದರು ಎಂದು ನೋಡಲೇಬೇಕು. ಹಾಗೆಂದು ಚಿತ್ರ ಹಾಕಿದರೆ ನಷ್ಟ ಎಂದೂ ಹೇಳುವಂತಿಲ್ಲ: 12 ಜನರ ಶೇ. 100ಕ್ಕೆ ಏನು ತೂಕವಿದೆ, ಶೇ. 81 ಮತ್ತು ಶೇ. 80ರ ನಡುವೆ ಏನು ಅಂತರವಿದೆ? ಚಿತ್ರದ ಬಗ್ಗೆ ಈ ಕಾಗದಗಳಿಂದ ಏನೂ ತಿಳಿಯುವುದಿಲ್ಲ ಎಂಬುದೇ ಸರಿಯಾದ ಉತ್ತರ.

ಬೆಲೆಯ ಸರಾಸರಿ ಇನ್ನೂ ಅಪಾಯದ್ದು, ಏಕೆಂದರೆ 950 ಎಂಬ ಬೆಲೆ ಅದರ ಬಲದಿಂದಲೇ ಬಂದಿರಬೇಕು. ಏಳು ಜನ 450, 500, 500, 600, 600, 650 ಮತ್ತು 2,500 ಎಂದು ಬರೆದರೆಂದು ಇಟ್ಟುಕೊಳ್ಳಿ. ಕೂಡಿಸಿದರೆ 5,800, ಏಳರಿಂದ ಭಾಗಿಸಿದರೆ 829 ರೂಪಾಯಿ. ಆದರೆ ಏಳರಲ್ಲಿ ಆರು ಜನ 650ರ ಮೇಲೆ ಒಂದು ಪೈಸೆಯನ್ನೂ ಕೊಡುವುದಿಲ್ಲ. 829ಕ್ಕೆ ಬೆಲೆಯಿಟ್ಟರೆ ಸರಾಸರಿ ಗಿರಾಕಿ ಕೊಳ್ಳುತ್ತಾನೆ ಎಂದು ತೋರುತ್ತದೆ, ಅಂಗಡಿಗೆ ಬರುವವನು ಒಬ್ಬನೇ. ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಟ್ಟನಡುವಿನದನ್ನು, ಅಂದರೆ ಮಧ್ಯಾಂಕವನ್ನು ನೋಡಿ; ಇಲ್ಲಿ ಅದು 600. ಅದಕ್ಕಿಂತಲೂ ಒಳ್ಳೆಯದು, 500ಕ್ಕೆ ಎಷ್ಟು ಜನ, 650ಕ್ಕೆ ಎಷ್ಟು ಜನ, 800ಕ್ಕೆ ಎಷ್ಟು ಜನ, 950ಕ್ಕೆ ಎಷ್ಟು ಜನ ಉಳಿಯುತ್ತಾರೆ ಎಂದು ಎಣಿಸಿ, ಪ್ರತಿ ಬೆಲೆಯಲ್ಲಿ ಹೊಲಿಗೆ ಬಟ್ಟೆಯ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಈ ಒಂದು ಹಾಳೆ ನಿಮ್ಮ ಸರಾಸರಿಗಿಂತ ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರು

ಬೆಲೆಗಳನ್ನು ಸಾಲಾಗಿ ಬರೆದೆ. ಮಧ್ಯಾಂಕ 600 ಬಂತು. 2,000ಕ್ಕೂ ಮೇಲೆ ಬರೆದವರು ಹನ್ನೊಂದು ಜನ, ಅವರಲ್ಲಿ ಏಳು ಜನ ನಮ್ಮ ಸೋದರ ಸಂಬಂಧಿಗಳು. ಕ್ಯಾಟಲಾಗಿನ ಮಾತನ್ನು ನಿಲ್ಲಿಸಿದ್ದೇನೆ.

ಚೀಟಿ ಎತ್ತಿ ಆರಿಸಿದ 30 ಜನರಲ್ಲಿ ಈವರೆಗೆ 22 ಜನ ಫೋನಿಗೆ ಸಿಕ್ಕಿದ್ದಾರೆ. ಅಕ್ಕಾವರು ಹೇಳಿದಂತೆ ಪ್ರಶ್ನೆ ಬದಲಿಸಿ, ಕೊನೆಯ ಸಲ ಕುರ್ತಾ ಕೊಂಡದ್ದು ಯಾವಾಗ, ಎಲ್ಲಿ, ಎಷ್ಟಕ್ಕೆ, ಯಾರಿಗೆ ಎಂದು ಕೇಳಿ, ಆಮೇಲೆ ಖಣದ ಮಾತೆತ್ತಿದೆ. ಖಂಡಿತ ಕೊಳ್ಳುತ್ತೇನೆ ಎಂದವರು ಮೂವರು. ಬೆಳಗಾವಿಯ ಟಿಳಕವಾಡಿಯಲ್ಲಿ ಇರುವ ಒಬ್ಬ ಹೆಣ್ಣುಮಗಳು, ಖಣದ ಕುರ್ತಾ ಚಂದ ಕಾಣುತ್ತದೆ, ಆದರೆ ಆಫೀಸಿಗೆ ದಿನವೂ ಹಾಕಿಕೊಂಡರೆ ಒಗೆದಾಗ ಬಣ್ಣ ಬಿಡುತ್ತದೆಯೇ ಎಂಬ ಭಯ ಎಂದಳು. ಈ ಪ್ರಶ್ನೆ ನಮ್ಮ ಫಾರ್ಮಿನಲ್ಲಿ ಎಲ್ಲಿಯೂ ಇರಲಿಲ್ಲ.

ಹೊಸ ಸಮೀಕ್ಷೆಯಲ್ಲಿ ಬೆಲೆಯನ್ನು ಮುದ್ರಿಸಬೇಕೆ, ಅಥವಾ ಅವರಿಂದಲೇ ಹೇಳಿಸಬೇಕೆ ಎಂಬುದು ಉಳಿದ ಪ್ರಶ್ನೆ.

ಉತ್ತರ: ಮನೆಮನೆ ಸಮೀಕ್ಷೆಯ ಕೆಲಸ ಮಾಡುವವಳು, ವಿಜಯಪುರ

ಮುದ್ರಿಸಿ, ಆದರೆ ಒಬ್ಬರಿಗೆ ಒಂದೇ ಬೆಲೆ ಕಾಣಬೇಕು. 650, 800, 950 ಎಂದು ಮೂರು ಬಗೆಯ ಕಾಗದ ಮಾಡಿಸಿ. ಮೂರನ್ನೂ ಒಬ್ಬರಿಗೇ ತೋರಿಸಿದರೆ ಎಲ್ಲರೂ ಕಡಿಮೆಯದಕ್ಕೇ ಬೆರಳಿಡುತ್ತಾರೆ. ಬಣ್ಣದ ಪ್ರಶ್ನೆಯನ್ನು ಸೇರಿಸಿ, ಜೊತೆಗೆ ಒಮ್ಮೆ ಒಗೆದ ಕುರ್ತಾವನ್ನೂ ಹೊಸದನ್ನೂ ಕೈಯಲ್ಲಿ ಕೊಟ್ಟು ನೋಡಲು ಬಿಡಿ. ಕೊನೆಯಲ್ಲಿ "ಖಂಡಿತ" ಎಂದವರಿಗೆ 50 ರೂಪಾಯಿ ಸಂಚಗಾರ (ಮುಂಗಡ) ಕೊಟ್ಟು ಅಳತೆ ಬರೆಸುವಿರಾ ಎಂದು ಕೇಳಿ, ಬೇಡವಾದರೆ ಹಣ ಮರಳಿಸುವುದಾಗಿ ಬರೆದುಕೊಡಿ. ಎಷ್ಟು ಜನ ಚೀಲದ ಬಾಯಿ ಬಿಚ್ಚಿದರು ಎಂಬುದನ್ನು ಬೇರೆಯಾಗಿಯೇ ಎಣಿಸಿ. ಯಾವ ಮನೆಗೆ ಯಾವ ಬೆಲೆಯ ಕಾಗದ ಎಂಬುದನ್ನು ಹುಡುಗರು ಮನೆಯ ಬಾಗಿಲು ನೋಡಿ ಆರಿಸಬಾರದು. ಮೂರೂ ಬಗೆಯ ಕಾಗದಗಳನ್ನು ಮನೆಯಲ್ಲಿಯೇ ಚೆನ್ನಾಗಿ ಕಲಸಿ, ಮೇಲಿನಿಂದ ಕ್ರಮಸಂಖ್ಯೆ ಹಾಕಿ, ಆಮೇಲೆ ಅವರ ಕೈಗೆ ಕೊಡಿ. ದೊಡ್ಡ ಅಳಿಯನನ್ನು ಮೊದಲ ದಿನ ನಾಲ್ಕು ಮನೆಗೆ ನೀವೇ ಕರೆದುಕೊಂಡು ಹೋಗಿ, ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ಓದಿ ಸುಮ್ಮನೆ ನಿಲ್ಲುವುದು ಹೇಗೆಂದು ತೋರಿಸಿಕೊಡಿ.